ಕುಳಿತು ದುಡಿಯುವವರಿಗೆ ಮೈ ದಣಿಸುವ ಹವ್ಯಾಸಗಳು

(ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಊರಹಿರಿಯರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು)

ಎತ್ತನ್ನು ಬಲ್ಲ ಒಕ್ಕಲಿಗನಿಗೆ ಒಂದು ಮಾತನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹಿಂಗಾರಿಯ ರಾಶಿ ಮುಗಿದ ಮೇಲೆ ಎತ್ತನ್ನು ಗೋದಲಿಯ ಮುಂದೆ ಕಟ್ಟಿ, ಹಿಂಡಿ ಹೊಟ್ಟುಗಳನ್ನು ಯಥೇಚ್ಛವಾಗಿ ಹಾಕುತ್ತ, ಮೂರು ತಿಂಗಳು ಹೊರಗೆ ಬಿಡದೆ ಇಟ್ಟರೆ, ಮುಂಗಾರಿಯ ಮೊದಲ ದಿನ ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಅದು ಏದುಸಿರು ಬಿಟ್ಟು ನಿಂತುಬಿಡುವುದು. ಮೇವು ಕಡಿಮೆಯಾದುದರಿಂದ ಹೀಗಾಗುವುದಲ್ಲ. ದುಡಿಮೆ ತಪ್ಪಿದುದರಿಂದಲೇ ಆಗುವುದು. ಆದುದರಿಂದ ಜಾಣನಾದ ಒಕ್ಕಲಿಗನು ಬೇಸಗೆಯಲ್ಲಿಯೂ ಗೊಬ್ಬರದ ಬಂಡಿಗೋ ಮಣ್ಣಿನ ಬಂಡಿಗೋ ಎತ್ತನ್ನು ಹೂಡಿ, ಅದರ ಕಾಲು ಹಗುರವಾಗಿರುವಂತೆ ನೋಡಿಕೊಳ್ಳುವನು. ಎತ್ತಿನ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು ನಮ್ಮ ದೇಹದ ವಿಷಯದಲ್ಲಿಯೂ ನಮ್ಮ ಮಕ್ಕಳ ದೇಹದ ವಿಷಯದಲ್ಲಿಯೂ ಅದೇ ನಿಯಮವನ್ನು ಮರೆತಿರುತ್ತೇವೆ. ಈ ಲೇಖನದಲ್ಲಿ ಆ ಮರೆವಿನ ಕುರಿತು ನಾಲ್ಕು ಮಾತುಗಳನ್ನು ಹೇಳತಕ್ಕದ್ದಿದೆ.

ಇಂದಿನ ಸ್ಥಿತಿ

ಎರಡು ತಲೆಮಾರುಗಳ ಹಿಂದೆ ತಿಕೋಟಾ ಬಬಲೇಶ್ವರಗಳ ಸುತ್ತಲಿನ ಹಳ್ಳಿಗಳಲ್ಲಿ ಕುಳಿತು ಮಾಡುವ ಉದ್ಯೋಗವುಳ್ಳವರನ್ನು ಬೆರಳಿನಿಂದ ಎಣಿಸಬಹುದಾಗಿತ್ತು. ಕುಲಕರ್ಣಿಯವರು, ಸಾಲೆಯ ಮಾಸ್ತರರು, ಅಂಗಡಿಯ ಸಾಹುಕಾರರು, ಇಷ್ಟೇ. ಈಗ ಹಾಗಿಲ್ಲ. ಹೊಲಮನೆಯುಳ್ಳ ಮನೆತನಗಳಿಂದ ಕಲಿತು ಹೊರಟ ಮಕ್ಕಳು ವಿಜಯಪುರದ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜುಗಳಲ್ಲಿ, ಆಸ್ಪತ್ರೆಗಳ ಲೆಕ್ಕದ ಕೋಣೆಗಳಲ್ಲಿ ಮೇಜಿನ ಮುಂದೆ ಕುಳಿತಿರುತ್ತಾರೆ. ಊರಿನಲ್ಲಿಯೇ ಉಳಿದವರಾದರೂ ಪಂಚಾಯತಿಯ ಕಾಗದಪತ್ರ, ಸೊಸಾಯಿಟಿಯ ಖಾತೆಪುಸ್ತಕ, ಗಣಕಯಂತ್ರದ ಪರದೆ ಇವುಗಳ ಮುಂದೆ ದಿನದ ಎಂಟು ಒಂಬತ್ತು ತಾಸುಗಳನ್ನು ಕಳೆಯುವರು.

ಜಮೀನುದಾರರ ಸ್ಥಿತಿಯೂ ಬೇರೆಯಾಗಿಲ್ಲ. ದ್ರಾಕ್ಷಿಯ ತೋಟವುಳ್ಳ ಒಬ್ಬ ಗೃಹಸ್ಥರ ದಿನಚರಿಯನ್ನು ಎಣಿಸಿಕೊಳ್ಳಿರಿ. ಬೆಳಗಾದರೆ ಔಷಧದ ಅಂಗಡಿಗೆ ಮೊಬೈಲಿನಲ್ಲಿ ಮಾತು. ಆಮೇಲೆ ಆಳುಗಳ ಹಾಜರಿ. ಮಧ್ಯಾಹ್ನ ಬ್ಯಾಂಕಿನ ಸಾಲದ ಕಾಗದ. ಸಂಜೆ ಒಣದ್ರಾಕ್ಷಿಯ ಪೇಟೆಯ ಧಾರಣೆ. ತೋಟಕ್ಕೆ ಹೋಗುವುದು ಮೋಟಾರ್ ಸೈಕಲ್ಲಿನ ಮೇಲೆ. ನೋಡುವುದು ಬದುವಿನ ಮೇಲೆ ನಿಂತು. ಹಿಂತಿರುಗುವುದು ಮತ್ತೆ ಅದೇ ವಾಹನದ ಮೇಲೆ. ಇಪ್ಪತ್ತು ಎಕರೆಯ ಒಡೆಯರಾಗಿದ್ದೂ ಅವರು ತಮ್ಮ ಸ್ವಂತ ಜಮೀನಿನ ಗುಮಾಸ್ತರಾಗಿರುತ್ತಾರೆ. ದೇಹಕ್ಕೆ ದಣಿವಿಲ್ಲ, ಮನಸ್ಸಿಗೆ ಬಿಡುವಿಲ್ಲ. ರಾತ್ರಿ ಹಾಸಿಗೆಯ ಮೇಲೆ ಬಿದ್ದರೆ ಸಾಲದ ಬಡ್ಡಿ, ಮಳೆಯ ಮೋಡ, ಧಾರಣೆಯ ಇಳಿತ ಇವು ಕಣ್ಣೆವೆ ಮುಚ್ಚಗೊಡುವುದಿಲ್ಲ.

ಕುಳಿತಿರುವುದರಿಂದಾಗುವ ಹಾನಿ

ಕುಳಿತು ಮಾಡುವ ಕೆಲಸಕ್ಕೂ ಎದೆಯ ರೋಗಕ್ಕೂ ಇರುವ ಸಂಬಂಧವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಇಂಗ್ಲಂಡದ ವೈದ್ಯರಾದ ಜೆರೆಮಿ ಮಾರಿಸ್ ಎಂಬವರು ಪ್ರಮುಖರು. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುವನು. ಕಂಡಕ್ಟರನು ಚೀಟಿ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುವನು. ಇಬ್ಬರದೂ ಒಂದೇ ಬಸ್ಸು, ಬಹುಮಟ್ಟಿಗೆ ಒಂದೇ ತರದ ಮನೆತನ. ಹೀಗಿದ್ದರೂ ಕಂಡಕ್ಟರರಲ್ಲಿ ಹೃದಯರೋಗವು ಚಾಲಕರಲ್ಲಿರುವುದಕ್ಕಿಂತ ಕಡಿಮೆಯಾಗಿದ್ದಿತು. ಅಂಚೆಯ ಖಾತೆಯಲ್ಲಿಯೂ ಅವರು ಹೀಗೆಯೇ ನೋಡಿದರು. ನಡೆದು ಅಥವಾ ಸೈಕಲ್ ತುಳಿದು ಪತ್ರ ಹಂಚುವವರಿಗಿಂತ ಕಚೇರಿಯಲ್ಲಿ ಕುಳಿತು ಬರೆಯುವವರಲ್ಲಿ ರೋಗವು ಹೆಚ್ಚಾಗಿದ್ದಿತು. ಈ ಪರಿಶೋಧನೆಯು ೧೯೫೩ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಮೇಲೆ ಅನೇಕ ದೇಶಗಳಲ್ಲಿ ನಡೆದ ಶೋಧನೆಗಳೂ ಇದೇ ಮಾತನ್ನು ಪುಷ್ಟಿಗೊಳಿಸಿವೆ.

ಕಾರಣವೂ ಗೂಢವಾದುದಲ್ಲ. ನಾವು ಉಂಡ ರೊಟ್ಟಿಯು ಸಕ್ಕರೆಯಾಗಿ ರಕ್ತದಲ್ಲಿ ಸೇರುವುದು. ಆ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವವು ದುಡಿಯುವ ಸ್ನಾಯುಗಳು. ಅದರಲ್ಲಿಯೂ ತೊಡೆ ಮತ್ತು ಮೀನಖಂಡದ ದೊಡ್ಡ ಸ್ನಾಯುಗಳು. ಕಾಲುಗಳು ಕುರ್ಚಿಯ ಕೆಳಗೆ ಸುಮ್ಮನೆ ಬಿದ್ದಿದ್ದರೆ ಸಕ್ಕರೆಯು ರಕ್ತದಲ್ಲಿಯೇ ಬಹಳ ಹೊತ್ತು ನಿಲ್ಲುವುದು, ಹೊಟ್ಟೆಯ ಸುತ್ತ ಕೊಬ್ಬು ಸಂಗ್ರಹವಾಗುವುದು, ರಕ್ತದ ಒತ್ತಡವೂ ಏರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ಭಾಗಗಳಲ್ಲಿಯೂ ನಡೆದ ಪಾಹಣಿಯ ಫಲವು ೨೦೨೩ರಲ್ಲಿ ಹೊರಬಂದಿತು. ಅದರಂತೆ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ೧೦ ಕೋಟಿಗೂ ಮಿಕ್ಕಿರುವರು. ಪ್ರಾಯಸ್ಥರಲ್ಲಿ ನೂರಕ್ಕೆ ಸುಮಾರು ೩೫ ಜನರಿಗೆ ರಕ್ತದೊತ್ತಡವಿರುವುದು. ಜೋಳದ ರೊಟ್ಟಿಯ ಸೀಮೆಯಾದ ನಮ್ಮಲ್ಲಿ ಈ ರೋಗಗಳು ಬರಲಾರವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ರೊಟ್ಟಿ ಅದೇ ಇರಬಹುದು. ಅದನ್ನು ಅರಗಿಸುತ್ತಿದ್ದ ದುಡಿಮೆಯು ಈಗಿಲ್ಲ.

ಎಷ್ಟು ದಣಿವು ಬೇಕು?

ಜಾಗತಿಕ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹಾಕಿಕೊಟ್ಟ ಗೊತ್ತಿನಂತೆ ಪ್ರಾಯಸ್ಥನಾದವನು ವಾರಕ್ಕೆ ೧೫೦ರಿಂದ ೩೦೦ ಮಿನಿಟು ಮಧ್ಯಮ ತರದ ದೇಹಶ್ರಮವನ್ನು ಮಾಡಬೇಕು. ಇದಲ್ಲದೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಬೇಕು. ಮಧ್ಯಮ ಶ್ರಮವೆಂದರೇನೆಂಬುದಕ್ಕೆ ಸುಲಭವಾದ ಪರೀಕ್ಷೆಯುಂಟು. ಕೆಲಸ ಮಾಡುತ್ತಿರುವಾಗ ಮಾತನಾಡಲಿಕ್ಕೆ ಬರಬೇಕು, ಹಾಡಲಿಕ್ಕೆ ಬರಬಾರದು. ಬಿರುಸಿನ ನಡಿಗೆ, ಸಲಿಕೆಯಿಂದ ಮಣ್ಣು ತಿರುವುವುದು, ನೀರಿನ ಕೊಡ ಹೊರುವುದು ಇವೆಲ್ಲ ಈ ಅಳತೆಗೆ ಒಪ್ಪುವವು. ದಿನಕ್ಕೆ ಮುಪ್ಪತ್ತು ನಾಲ್ವತ್ತು ಮಿನಿಟಾದರೆ ವಾರದ ಬಾಬು ತೀರಿತು. ದಿನಕ್ಕೆ ಎಂಟು ತಾಸಿಗೂ ಹೆಚ್ಚು ಕುಳಿತಿರುವವರು ದಿನಾಲು ಒಂದು ತಾಸು ಅಥವಾ ತುಸು ಹೆಚ್ಚು ಇಂಥ ಶ್ರಮವನ್ನು ಮಾಡಿದರೆ, ಬಹಳ ಹೊತ್ತು ಕುಳಿತಿರುವುದರಿಂದ ಆಯುಷ್ಯಕ್ಕೆ ತಗಲುವ ಅಪಾಯವು ಬಹುತರವಾಗಿ ಇಲ್ಲದಂತಾಗುವುದೆಂದು ೨೦೧೬ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಿಂದ ತಿಳಿದುಬಂದಿದೆ.

ವ್ಯಾಯಾಮಕ್ಕೂ ಹವ್ಯಾಸಕ್ಕೂ ಇರುವ ಭೇದ

ಇಷ್ಟನ್ನೋದಿ ಕೆಲವರು, ಹಾಗಾದರೆ ನಾಳೆಯಿಂದ ನಸುಕಿನಲ್ಲೆದ್ದು ಮೂರು ಮೈಲು ನಡೆಯುವೆವೆಂದು ಸಂಕಲ್ಪ ಮಾಡಬಹುದು. ಸಂಕಲ್ಪವು ಒಳ್ಳೆಯದೇ, ಆದರೆ ಅದು ಹದಿನೈದು ದಿನಗಳಲ್ಲಿ ಮುರಿಯುವುದನ್ನು ನಾವೆಲ್ಲರೂ ಕಂಡಿರುತ್ತೇವೆ. ಔಷಧವೆಂದು ಮಾಡಿದ ಶ್ರಮವು ಔಷಧದಂತೆಯೇ ಕಹಿಯಾಗಿ ತೋರುವುದು. ಒಂದು ದಿನ ತಪ್ಪಿದರೆ ಕೇಳುವವರಿಲ್ಲ. ಹವ್ಯಾಸವು ಹಾಗಲ್ಲ. ಅದು ತಾನಾಗಿಯೇ ನಮ್ಮನ್ನು ಕರೆಯುವುದು.

ಮೇಜಿನ ಕೆಲಸದವನಿಗೆ ಒಪ್ಪುವ ಹವ್ಯಾಸಕ್ಕೆ ನಾಲ್ಕು ಲಕ್ಷಣಗಳಿರಬೇಕು. ಮೊದಲನೆಯದು, ಅದರಲ್ಲಿ ಕೈಕಾಲುಗಳು ಆಡಬೇಕು. ಎರಡನೆಯದು, ಕಚೇರಿಯ ಚಿಂತೆಗೆ ಎಡೆಯಿಲ್ಲದಂತೆ ಕಣ್ಣೂ ಮನಸ್ಸೂ ಅದರಲ್ಲಿ ತೊಡಗಬೇಕು. ಮೂರನೆಯದು, ನಾವು ಹೋಗದಿದ್ದರೆ ಬಾಡುವ, ಸೊರಗುವ, ದಾರಿ ಕಾಯುವ ವಸ್ತುವೊಂದು ಅಲ್ಲಿರಬೇಕು; ಅದು ಗಿಡವಾಗಲಿ, ಎತ್ತಾಗಲಿ, ಜೊತೆಗಾರನಾಗಲಿ ಅಡ್ಡಿಯಿಲ್ಲ. ನಾಲ್ಕನೆಯದು, ಅದರಿಂದ ಲಾಭವನ್ನು ನಿರೀಕ್ಷಿಸಬಾರದು. ಈ ನಾಲ್ಕನೆಯ ಲಕ್ಷಣವನ್ನು ಜಮೀನುದಾರರು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಹವ್ಯಾಸದ ಖರ್ಚು ಉತ್ಪನ್ನಗಳನ್ನು ಖಾತೆಪುಸ್ತಕದಲ್ಲಿ ಬರೆಯಹೋದರೆ ಅದು ಮತ್ತೊಂದು ಕಚೇರಿಯಾಯಿತು. ಯಾವ ಭಾರವನ್ನು ಇಳಿಸಬೇಕೆಂದು ಹೊರಟೆವೋ ಅದೇ ಭಾರವು ಇಮ್ಮಡಿಯಾಯಿತು.

ಮಣ್ಣಿನ ಕೆಲಸವು ಮನಸ್ಸಿನ ಬಿಗುವನ್ನು ಸಡಿಲಿಸುವುದೆಂಬುದು ಕೇವಲ ನಂಬಿಕೆಯಲ್ಲ. ನೆದರ್‌ಲಂಡ್ಸ್ ದೇಶದಲ್ಲಿ ೨೦೧೧ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂವತ್ತು ಜನ ಕೈತೋಟಗಾರರಿಗೆ ಮೊದಲು ತಲೆ ಬಿಸಿಯಾಗುವಂಥ ಒಂದು ಕೆಲಸವನ್ನು ಕೊಟ್ಟರು. ಆಮೇಲೆ ಕೆಲವರನ್ನು ಅರ್ಧ ತಾಸು ತೋಟದ ಕೆಲಸಕ್ಕೂ ಉಳಿದವರನ್ನು ಅಷ್ಟೇ ಹೊತ್ತು ಒಳಗೆ ಕುಳಿತು ಓದಲಿಕ್ಕೂ ಕಳಿಸಿದರು. ಚಿಂತೆಯ ಕಾಲದಲ್ಲಿ ದೇಹದಲ್ಲಿ ಹೆಚ್ಚುವ ಕಾರ್ಟಿಸೋಲ್ ಎಂಬ ರಸವು ಎರಡೂ ಪಂಗಡದವರಲ್ಲಿ ಇಳಿಯಿತು. ಆದರೆ ತೋಟದಲ್ಲಿ ದುಡಿದವರಲ್ಲಿ ಹೆಚ್ಚಾಗಿ ಇಳಿಯಿತು, ಮನಸ್ಸಿನ ಉಲ್ಲಾಸವೂ ಅವರಲ್ಲಿಯೇ ಪೂರ್ಣವಾಗಿ ಮರಳಿತು. ಕಚೇರಿಯ ಕೆಲಸಕ್ಕೆ ಕೊನೆಯೆಂಬುದು ಕಾಣುವುದಿಲ್ಲ. ಒಂದು ಕಾಗದ ಹೋದರೆ ಹತ್ತು ಕಾಗದ ಬರುವವು. ಒಂದು ಮಡಿಯ ಕಳೆಯನ್ನು ಕಿತ್ತವನಿಗಾದರೋ ತಾನು ಮಾಡಿದ ಕೆಲಸವು ಕಣ್ಣೆದುರಿಗೆ ಕಾಣುವುದು. ಈ ಕಾಣ್ಕೆಯೇ ಅರ್ಧ ಔಷಧವು.

ವಿಜಯಪುರದ ಒಂದು ಉದಾಹರಣೆ

ಕುಳಿತು ಮಾಡುವ ಉದ್ಯೋಗದವನು ಮೇಜನ್ನು ಬಿಟ್ಟು ಏಳಲಾರನೆಂಬುವರಿಗೆ ವಿಜಯಪುರದವರೇ ಆದ ಫ. ಗು. ಹಳಕಟ್ಟಿಯವರ (೧೮೮೦-೧೯೬೪) ಚರಿತ್ರವು ಸಾಕಾದ ಉತ್ತರವಾಗಿದೆ. ಅವರು ಉದ್ಯೋಗದಿಂದ ವಕೀಲರು. ದಾವೆಯ ಕಾಗದಗಳೇ ಅವರ ಜೀವನೋಪಾಯ. ಆದರೆ ಕೋರ್ಟಿನ ಕೆಲಸದಿಂದ ಬಿಡುವು ಸಿಕ್ಕಾಗಲೆಲ್ಲ ಊರೂರು ತಿರುಗಿ, ಮನೆಮನೆಯ ಜಂತಿಯಲ್ಲಿಯೂ ಮಠಗಳ ಗಂಟುಗಳಲ್ಲಿಯೂ ಬಿದ್ದಿದ್ದ ತಾಳೆಯೋಲೆಗಳನ್ನು ಹುಡುಕಿ ತಂದು ವಚನಗಳನ್ನು ಬೆಳಕಿಗೆ ತಂದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ಕಾರ್ಯವನ್ನು ಹವ್ಯಾಸವೆಂದರೆ ಸಣ್ಣ ಮಾತಾದೀತು, ಅದು ತಪಸ್ಸು. ಆದರೂ ಅದರ ಮೂಲದಲ್ಲಿ ನಾವು ಹೇಳಿದ ಲಕ್ಷಣಗಳೇ ಇದ್ದವು. ಕಾಲಿಗೆ ತಿರುಗಾಟ, ಮನಸ್ಸಿಗೆ ತೊಡಗುವಿಕೆ, ತಾನು ಹೋಗದಿದ್ದರೆ ಹಾಳಾಗುವ ಓಲೆಗಳ ಕರೆ, ಲಾಭದ ಆಶೆಯಿಲ್ಲದಿರುವಿಕೆ. ಅವರು ಸುಮಾರು ಎಂಬತ್ತನಾಲ್ಕು ವರ್ಷ ಬಾಳಿದುದಕ್ಕೆ ಇದೇ ಕಾರಣವೆಂದು ಹೇಳುವ ಅಧಿಕಾರ ನಮಗಿಲ್ಲ. ಬಾಳಿದಷ್ಟು ಕಾಲವೂ ಉತ್ಸಾಹವುಳ್ಳವರಾಗಿದ್ದರೆಂಬುದನ್ನು ಮಾತ್ರ ಅವರ ಕೆಲಸವೇ ಹೇಳುತ್ತದೆ.

ನಮ್ಮ ಸೀಮೆಗೆ ಒಪ್ಪುವ ಹವ್ಯಾಸಗಳು

(೧) ಕೈತೋಟ. ಹಿತ್ತಲಿನಲ್ಲಿ ಅಥವಾ ಬಾವಿಯ ಹತ್ತಿರ ನಾಲ್ಕು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ಒಂದೇ ಮಡಿಯಿಂದ ಆರಂಭಿಸತಕ್ಕದ್ದು. ನಾಲ್ಕಡಿ ಅಗಲವಿದ್ದರೆ ಎರಡೂ ಮಗ್ಗಲಿನಿಂದ ಕೈ ನಿಲುಕುವುದು, ಮಡಿಯನ್ನು ತುಳಿಯಬೇಕಾಗುವುದಿಲ್ಲ. ಚೆನ್ನಾಗಿ ಕಳಿತ ಗೊಬ್ಬರ ಎರಡು ಮೂರು ಬುಟ್ಟಿ ಸಾಕು. ಎರೆಮಣ್ಣಾದರೆ ಹಸಿಯಿರುವಾಗ ಅಗೆಯಬಾರದು; ಹದ ಬಂದ ಮೇಲೆ ಸಲಿಕೆ ಹಾಕಬೇಕು. ಮಡಿಯನ್ನು ಐದು ಪಾಲು ಮಾಡಿ ಮೆಂತ್ಯ, ರಾಜಗಿರಿ, ಮೂಲಂಗಿ, ಚವಳಿ, ಬದನೆ ಹೀಗೆ ಹಾಕಿದರೆ ಮೆಂತ್ಯವು ಇಪ್ಪತ್ತೈದು ಮೂವತ್ತು ದಿನಗಳಲ್ಲಿಯೂ ಮೂಲಂಗಿಯು ಒಂದೂವರೆ ತಿಂಗಳಿನಲ್ಲಿಯೂ ಕೈಗೆ ಬರುವುದು. ಬೇಗನೆ ಬರುವ ಪಲ್ಯವನ್ನು ಮೊದಲು ಹಾಕುವುದು ಲೇಸು. ಹೊಸಬನ ಉತ್ಸಾಹವು ಅದರಿಂದ ನಿಲ್ಲುವುದು. ನಮ್ಮ ಬೇಸಗೆಯಲ್ಲಿ ಇಂಥ ಮಡಿಗೆ ದಿನಕ್ಕೆ ಐವತ್ತು ಅರವತ್ತು ಲೀಟರು, ಅಂದರೆ ಹದಿನೈದು ಲೀಟರಿನ ನಾಲ್ಕು ಕೊಡ ನೀರು ಬೇಕು. ತೋಟದಲ್ಲಿ ಹನಿ ನೀರಾವರಿಯಿದ್ದರೂ ಈ ಒಂದು ಮಡಿಗೆ ಮಾತ್ರ ನಳಿಗೆಯನ್ನು ತರದೆ ಕೊಡದಿಂದಲೇ ಹಾಕಬೇಕು. ಆ ನಾಲ್ಕು ಕೊಡಗಳನ್ನು ಹೊರುವುದರಲ್ಲಿಯೇ ತೋಳಿಗೂ ಸೊಂಟಕ್ಕೂ ಬೇಕಾದ ತಾಲೀಮು ಇದೆ.

(೨) ಒಡ್ಡಿನ ಮೇಲಿನ ತಿರುಗಾಟ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಹೆಚ್ಚುಕಡಿಮೆ ಆರುನೂರು ಮಿಲಿಮೀಟರಿನ ಒಳಗೆಯೇ. ಅದರಲ್ಲಿಯೂ ಸಪ್ಟಂಬರದ್ದೇ ದೊಡ್ಡ ಪಾಲು. ಇಂಥ ಸೀಮೆಯಲ್ಲಿ ನೀರನ್ನು ಹೊಲದಲ್ಲಿಯೇ ಹಿಡಿದಿಡುವ ಒಡ್ಡುಗಳ ಬೆಲೆಯು ಬಹಳ. ಒಣಬೇಸಾಯದ ಶೋಧನೆಗಾಗಿ ೧೯೩೦ರ ದಶಕದಲ್ಲಿಯೇ ವಿಜಯಪುರದಲ್ಲಿ, ಆಗಿನ ಬಿಜಾಪುರದಲ್ಲಿ, ಒಂದು ಕೇಂದ್ರವು ಸ್ಥಾಪಿತವಾದುದು ಈ ಕಾರಣದಿಂದಲೇ. ಮಳೆ ನಿಂತ ಮರುದಿನ ಬೆಳಿಗ್ಗೆ ಹೆಗಲ ಮೇಲೆ ಸಲಿಕೆಯಿಟ್ಟುಕೊಂಡು ತಮ್ಮ ಒಡ್ಡುಗಳ ಮೇಲೆ ಒಂದು ಸುತ್ತು ನಡೆದು ಬರುವ ಜಮೀನುದಾರನಿಗೆ ನಡಿಗೆಯೂ ಆಯಿತು, ಇಲಿಯ ಬಿಲದಿಂದ ನೀರು ಸೋರುವ ಸ್ಥಳವೂ ಕಂಡಿತು. ಈ ಹೊತ್ತು ಎರಡು ಬುಟ್ಟಿ ಮಣ್ಣಿನಿಂದ ಮುಚ್ಚುವ ಬಿರುಕು ಹದಿನೈದು ದಿನ ಬಿಟ್ಟರೆ ಟ್ರ್ಯಾಕ್ಟರು ತರಬೇಕಾದ ಕೊರಕಲಾಗುವುದು. ವಿಜಯಪುರದಲ್ಲಿ ನೌಕರಿ ಮಾಡುವ ಮಗನು ಆದಿತ್ಯವಾರ ಊರಿಗೆ ಬಂದಾಗ ಟೀವಿಯ ಮುಂದೆ ಕೂಡಿಸದೆ ಈ ಸುತ್ತಿಗೆ ಕರೆದೊಯ್ಯಬೇಕು. ಯಾವ ಹೊಲದ ಎಲ್ಲೆ ಎಲ್ಲಿಗೆ, ಯಾವ ಮೂಲೆಯಲ್ಲಿ ಮಡ್ಡಿ, ಯಾವ ಮೂಲೆಯಲ್ಲಿ ಎರೆ ಎಂಬುದು ಪಹಣಿಯ ಪತ್ರದಿಂದ ತಿಳಿಯತಕ್ಕದ್ದಲ್ಲ, ಕಾಲಿನಿಂದಲೇ ತಿಳಿಯಬೇಕು.

(೩) ಗಿಡ ಸಾಕುವುದು. ಜಿಲ್ಲೆಯಲ್ಲಿ ಅಡವಿಯು ಅತ್ಯಲ್ಪವೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಈ ಕೊರತೆಯನ್ನು ತುಂಬಬೇಕೆಂದು ೨೦೧೬ರ ಸುಮಾರಿಗೆ ಕೋಟಿವೃಕ್ಷ ಅಭಿಯಾನವು ನಡೆಯತೊಡಗಿತು. ಅದರ ಸಲುವಾಗಿಯೇ ವಿಜಯಪುರದಲ್ಲಿ ವೃಕ್ಷಥಾನ್ ಎಂಬ ಓಟವೂ ನಡೆದಿರುತ್ತದೆ. ೨೦೨೩ರ ಡಿಸೆಂಬರದಲ್ಲಿ ನಡೆದ ಓಟದಲ್ಲಿ ಅನೇಕ ನೌಕರದಾರರು ಓಡಿದರು. ಓಟವು ಒಂದು ದಿನದ ಉತ್ಸವ. ಗಿಡವಾದರೋ ಎರಡು ಬೇಸಗೆಯ ವ್ರತ. ಮನುಷ್ಯನೊಬ್ಬನಿಗೆ ಐದು ಗಿಡಗಳು ಸಾಕು. ಎರಡು ಅಡಿ ಆಳ ಅಗಲದ ಕುಣಿ ತೋಡಿ, ಮುಂಗಾರಿಯ ಮಳೆ ಬಿದ್ದ ಮೇಲೆ ಬೇವು, ಹುಣಸೆ, ಹೊಂಗೆ, ಬನ್ನಿ ಇವುಗಳಲ್ಲಿ ಬೇಕಾದುದನ್ನು ಹಚ್ಚಿ, ಜಾಲಿಯ ಮುಳ್ಳಿನ ಬೇಲಿ ಕಟ್ಟಿ, ಮೊದಲ ಎರಡು ಬೇಸಗೆ ವಾರಕ್ಕೊಮ್ಮೆಯಾದರೂ ಒಂದು ಕೊಡ ನೀರು ಹಾಕಬೇಕು. ಹೆಸರಿಗೆ ನೂರು ಹಚ್ಚಿ ಮರೆಯುವುದಕ್ಕಿಂತ ಐದನ್ನು ಉಳಿಸುವುದು ಮೇಲು.

(೪) ನಡಿಗೆ ಮತ್ತು ಸೈಕಲ್. ವಿಜಯಪುರದಲ್ಲಿ ಹಿತ್ತಲಿಲ್ಲದೆ ಬಾಡಿಗೆಯ ಮನೆಯಲ್ಲಿರುವ ನೌಕರದಾರರಿಗೆ ನಡಿಗೆಯೇ ಸುಲಭೋಪಾಯ. ಅದಕ್ಕೂ ಒಂದು ಗುರಿಯಿದ್ದರೆ ಅದು ಹವ್ಯಾಸವಾಗುವುದು. ಆದಿಲಶಾಹಿಯ ಕಾಲದ ಕೋಟೆಗೋಡೆಯ ಸುತ್ತಳತೆಯು ಸುಮಾರು ಹತ್ತು ಕಿಲೋಮೀಟರು. ಅದನ್ನು ನಾಲ್ಕು ಪಾಲು ಮಾಡಿ ದಿನಕ್ಕೊಂದು ಪಾಲಿನಂತೆ ನಡೆಯುತ್ತ, ಬಾಗಿಲು, ಬುರುಜು, ಬಾವಡಿ ಇವುಗಳನ್ನು ಗುರುತಿಸುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ಊರಿನ ಇತಿಹಾಸವೇ ಕಾಲಿಗೆ ಪರಿಚಿತವಾಗುವುದು. ೧೬೫೧ರಲ್ಲಿ ಕಟ್ಟಿಸಿದ ಬೇಗಂ ತಲಾಬದ ಕಡೆಗೂ ಭೂತನಾಳ ಕೆರೆಯ ಕಡೆಗೂ ರಜೆಯ ದಿನ ಹೋಗಬಹುದು. ಸೈಕಲ್ಲಿನ ವಿಷಯದಲ್ಲಂತೂ ನಮ್ಮ ಸೀಮೆಗೆ ಹೆಮ್ಮೆಪಡುವ ಹಕ್ಕಿದೆ. ಈ ಜಿಲ್ಲೆಯ ಹಳ್ಳಿಯ ಹುಡುಗರು ಸೈಕಲ್ ಪಂದ್ಯಗಳಲ್ಲಿ ರಾಜ್ಯಕ್ಕೆಲ್ಲ ಹೆಸರು ತಂದಿರುತ್ತಾರೆ. ಮಗನಿಗೆ ಎರಡನೆಯ ಮೋಟಾರ್ ಸೈಕಲ್ ಕೊಡಿಸುವ ಬದಲು ಮನೆಗೊಂದು ಗಟ್ಟಿಯಾದ ಸೈಕಲ್ಲನ್ನು ಕೊಡಿಸುವುದು ಅಗ್ಗವೂ ಹಿತವೂ ಆಗಿದೆ.

(೫) ಗರಡಿ. ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಗುಡಿಯಿದ್ದಂತೆ ಗರಡಿಯೂ ಇದ್ದಿತು. ಸಂಕ್ರಮಣದ ಕಾಲದ ಸಿದ್ಧೇಶ್ವರ ಜಾತ್ರೆಯಲ್ಲಿ ಕುಸ್ತಿಯನ್ನೂ ಭಾರ ಎತ್ತುವ ಪಂದ್ಯವನ್ನೂ ನೋಡಲಿಕ್ಕೆ ನಾವು ಕಿಕ್ಕಿರಿಯುತ್ತೇವೆ. ಆದರೆ ನಮ್ಮ ಊರಿನ ಗರಡಿಯ ಬಾಗಿಲಿಗೆ ಕೀಲಿ ಬಿದ್ದುದನ್ನು ನೋಡುವುದಿಲ್ಲ. ಗರಡಿಯು ಪೈಲವಾನರಿಗಷ್ಟೇ ಅಲ್ಲ. ದಂಡ, ಬಸಿಕೆ, ಹಗುರವಾದ ಕರೇಲಿ ಇವು ಗುಮಾಸ್ತರಿಗೂ ಮಾಸ್ತರರಿಗೂ ಸಾಧ್ಯವಾದವೇ. ಜೊತೆಗಾರರು ದಾರಿ ಕಾಯುವರೆಂಬ ಒಂದೇ ಕಾರಣದಿಂದ ಗರಡಿಗೆ ಹೋಗುವವನು ಒಂದು ದಿನವೂ ತಪ್ಪಿಸುವುದಿಲ್ಲ.

ಮಾನದ ಪ್ರಶ್ನೆ

ಇನ್ನು ಎಲ್ಲಕ್ಕೂ ದೊಡ್ಡ ಅಡ್ಡಿಯ ಕುರಿತು ಹೇಳಬೇಕು. ಅದು ಸಮಯದ ಅಭಾವವಲ್ಲ, ಹಣದ ಅಭಾವವೂ ಅಲ್ಲ. ಅದು ನಾಚಿಕೆ. ಮಕ್ಕಳಿಗೆ ವಿದ್ಯೆ ಕಲಿಸಿದುದೇ ಅವರ ಕೈಯಿಂದ ಸಲಿಕೆಯನ್ನು ಬಿಡಿಸಲಿಕ್ಕೆ ಎಂಬ ಭಾವನೆಯು ಹೊಲಮನೆಯುಳ್ಳವರಲ್ಲಿ ಬೇರೂರಿದೆ. ಬಿಸಿಲಿನಲ್ಲಿ ಸವೆದ ತಂದೆಯು ತನ್ನ ಮಗನು ನೆರಳಿನಲ್ಲಿ ಕುಳಿತು ಉಣ್ಣಲೆಂದು ಬಯಸುವುದು ಸಹಜವೇ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಮಗನು ಮೂವತ್ತೆಂಟನೆಯ ವರ್ಷಕ್ಕೆ ಸಕ್ಕರೆಯ ಗುಳಿಗೆ ನುಂಗುತ್ತ, ರಾತ್ರಿ ನಿದ್ದೆ ಬಾರದೆ ಹೊರಳುತ್ತ ಇದ್ದರೆ ತಂದೆಯ ಬಯಕೆಯು ಈಡೇರಿದಂತಾಯಿತೆ?

ಮಗನೊಬ್ಬನು ರಜೆಯಲ್ಲಿ ಬಂದು ಹಿತ್ತಲಿನಲ್ಲಿ ಮಣ್ಣು ತಿರುವುತ್ತಿದ್ದರೆ ದಾರಿಯಲ್ಲಿ ಹೋಗುವವನು, “ಏನ್ರೀ ಗೌಡ್ರ, ಇಷ್ಟ ಸಾಲಿ ಕಲಿಸಿ ಮಗನ ಕೈಯಾಗ ಮತ್ತ ಸಲಿಕಿ ಕೊಟ್ರಿ?” ಎಂದು ಕೇಳಿಯೇ ಕೇಳುವನು. ಆಗ ತಂದೆಯು ತಲೆ ತಗ್ಗಿಸಬಾರದು. “ಸಾಲಿ ಕಲಿಸಿದ್ದು ಹೊಟ್ಟಿಗೆ, ಸಲಿಕಿ ಕೊಟ್ಟಿದ್ದು ಮೈಗೆ” ಎಂದು ಧೈರ್ಯದಿಂದ ಉತ್ತರ ಕೊಡಬೇಕು. ಊರ ಹಿರಿಯರೊಬ್ಬರು ಇಷ್ಟು ಹೇಳಿದರೆ ಊರಿನ ಹತ್ತು ಮನೆಯ ಹುಡುಗರಿಗೆ ದಾರಿ ತೆರೆಯುವುದು. ಇದರಿಂದ ಇನ್ನೊಂದು ಲಾಭವೂ ಉಂಟು. ಮಣ್ಣನ್ನು ಕೈಯಿಂದ ಮುಟ್ಟಿದವನು ಅದನ್ನು ಸುಲಭವಾಗಿ ಮಾರುವುದಿಲ್ಲ. ನೌಕರಿಗೆ ಹೋದ ಮಗನಿಗೆ ಜಮೀನು ಕೇವಲ ಕಾಗದವಾಗಿ ಉಳಿದರೆ ಅವನ ಕಾಲಕ್ಕೆ ಅದು ಪರರ ಪಾಲಾಗುವುದರಲ್ಲಿ ಆಶ್ಚರ್ಯವೇನು?

ಹೆಣ್ಣುಮಕ್ಕಳ ವಿಷಯ

ಕಚೇರಿ, ಬ್ಯಾಂಕು, ಸಾಲೆಗಳಲ್ಲಿ ಕುಳಿತು ದುಡಿಯುವವರಲ್ಲಿ ಈಗ ನಮ್ಮ ಹೆಣ್ಣುಮಕ್ಕಳೂ ಸೊಸೆಯಂದಿರೂ ಇರುವರು. ಅವರು ಮನೆಗೆ ಬಂದೊಡನೆ ರೊಟ್ಟಿಯ ಹಂಚು ಕಾದಿರುತ್ತದೆ. ಅಂಥವರಿಗೆ ಕೈತೋಟದ ಕೆಲಸವನ್ನೂ ಹೊರಿಸಿ ಇದು ಹವ್ಯಾಸವೆಂದರೆ ಅದು ಅನ್ಯಾಯವು. ಹವ್ಯಾಸವೆಂಬುದು ತಾನಾಗಿ ಆರಿಸಿಕೊಂಡ ಬಿಡುವಿನ ಕೆಲಸ. ಆದುದರಿಂದ ಮನೆಯ ಹಿರಿಯರು ಮೊದಲು ಅವರಿಗೆ ದಿನದಲ್ಲಿ ಅರ್ಧ ತಾಸಿನ ಬಿಡುವನ್ನು ಒದಗಿಸಿಕೊಡಬೇಕು. ಆ ಬಿಡುವಿನಲ್ಲಿ ನಡಿಗೆಯೋ ಹೂವಿನ ಗಿಡವೋ ಆಟವೋ ಎಂಬುದನ್ನು ಅವರೇ ನಿಶ್ಚಯಿಸಲಿ.

ಕೆಲವು ಎಚ್ಚರಿಕೆಗಳು

ಬಹಳ ವರ್ಷ ಕುಳಿತಿದ್ದ ದೇಹವನ್ನು ಒಂದೇ ದಿನ ದಣಿಸಬಾರದು. ಮೊದಲ ವಾರ ದಿನಕ್ಕೆ ಹತ್ತು ಮಿನಿಟು, ಆಮೇಲೆ ವಾರ ವಾರಕ್ಕೆ ಐದೈದು ಮಿನಿಟು ಏರಿಸುತ್ತ ಹೋಗಬೇಕು. ನಾಲ್ವತ್ತು ದಾಟಿದವರೂ ಸಕ್ಕರೆ ಅಥವಾ ರಕ್ತದೊತ್ತಡವುಳ್ಳವರೂ ಮೊದಲು ವೈದ್ಯರನ್ನು ಕೇಳತಕ್ಕದ್ದು. ಕೆಲಸದಲ್ಲಿ ಎದೆ ಬಿಗಿದರೆ, ನೋವು ತೋಳಿಗೆ ಅಥವಾ ದವಡೆಗೆ ಹರಿದರೆ, ತಲೆ ಸುತ್ತಿ ಬೆವರಿದರೆ ಅಲ್ಲಿಯೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸೆಂದು ಮನೆಯಲ್ಲಿ ಕುಳಿತಿರಬಾರದು. ಮಾರ್ಚದಿಂದ ಮೇ ತನಕ ಬೆಳಿಗ್ಗೆ ಎಂಟರೊಳಗೆ ಅಥವಾ ಹೊತ್ತು ಇಳಿದ ಮೇಲೆಯೇ ಕೆಲಸ ಮಾಡಬೇಕು. ಕಾಲಿಗೆ ಬೂಟಿಲ್ಲದೆ ಹುಲ್ಲಿನಲ್ಲಿಯೂ ಒಡ್ಡಿನ ಮೇಲೆಯೂ ತಿರುಗಬಾರದು, ಹಾವಿನ ಭಯವಿದೆ. ಧನುರ್ವಾಯುವಿನ ಲಸಿಕೆ ಹಾಕಿಸಿಕೊಂಡಿರಬೇಕು. ಔಷಧ ಸಿಂಪಡಿಸಿದ ದ್ರಾಕ್ಷಿಯ ಪಡದಲ್ಲಿ ಆ ದಿನ ನಡಿಗೆಗೆ ಹೋಗತಕ್ಕದ್ದಲ್ಲ. ಕೈತೋಟದಲ್ಲಿ ಅಂಥ ವಿಷವನ್ನು ಬಳಸಲೇಬಾರದು. ಬಿಡುವಿನ ಕೆಲಸವೂ ಮನಸ್ಸಿನ ಭಾರವನ್ನು ಇಳಿಸದೆ, ನಿದ್ದೆ ಹಸಿವೆಗಳು ಎರಡು ವಾರಕ್ಕೂ ಹೆಚ್ಚು ಕೆಟ್ಟಿದ್ದರೆ ಅದು ಹವ್ಯಾಸದಿಂದ ಹೋಗುವ ಬೇನೆಯಲ್ಲ. ಅದನ್ನು ಮುಚ್ಚಿಡದೆ ವೈದ್ಯರ ಮುಂದೆ ಹೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಊರಹಿರಿಯರು ಮಾಡತಕ್ಕದ್ದು

ವತನದ ಪಾಟೀಲಕಿಯು ೧೯೬೧ರ ಕಾಯದೆಯಿಂದ ಹೋಗಿದ್ದರೂ ಊರಿನ ಜನರು ಹಿರಿಯರ ಮುಖ ನೋಡುವುದನ್ನು ಬಿಟ್ಟಿರುವುದಿಲ್ಲ. ಪಂಚಾಯತಿಯ ಅಧಿಕಾರವುಳ್ಳವರೂ ಇಲ್ಲದವರೂ ಕೂಡಿ ಮನಸ್ಸು ಮಾಡಿದರೆ ಈ ಕೆಲಸಗಳು ಹೆಚ್ಚಿನ ವೆಚ್ಚವಿಲ್ಲದೆ ಆಗುವವು. ಗರಡಿಯ ಬೀಗ ತೆಗೆಸಿ ಕೆಮ್ಮಣ್ಣು ಹಾ‍ಕಿಸುವುದು; ಕೆರೆಯ ಏರಿಯ ಮೇಲಿನ ಜಾಲಿಯನ್ನು ಸವರಿಸಿ ನಡೆಯಲಿಕ್ಕೆ ಹಾದಿ ಮಾಡಿಸುವುದು; ಪಂಚಾಯತಿಯ ಹಿಂದಿನ ತೆರವಿನಲ್ಲಿ ಅಲ್ಲಿನ ಸಿಬ್ಬಂದಿಗೇ ಒಂದೊಂದು ಮಡಿ ಕೊಡುವುದು; ಹೊಲದ ದಾರಿಗಳನ್ನು ಒತ್ತುವರಿಯಿಂದ ಬಿಡಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ, ವಾರಕ್ಕೆರಡು ದಿನವಾದರೂ ಮೋಟಾರನ್ನು ಮನೆಯಲ್ಲಿ ಬಿಟ್ಟು ತಾವೇ ನಡೆದು ಹೊಲಕ್ಕೆ ಹೋಗುವುದು. ನೂರು ಭಾಷಣಗಳಿಂದಾಗದ ಉಪದೇಶವು ಆ ಒಂದು ನಡಿಗೆಯಿಂದ ಆಗುವುದು.

ಈ ಮುಂಗಾರಿಯ ಮೊದಲ ಹದಕ್ಕೆ ಪ್ರತಿಯೊಂದು ಮನೆಯಲ್ಲಿ ಒಂದು ಮಡಿ, ಒಂದು ಸಲಿಕೆ, ನಾಲ್ಕು ಕೊಡ ನೀರು ಇಷ್ಟರಿಂದ ಆರಂಭವಾಗಲಿ. ಮೊದಲ ಮೆಂತ್ಯಪಲ್ಯವು ತಾಟಿಗೆ ಬರುವ ಹೊತ್ತಿಗೆ ಮಡಿ ಮಾಡಿದವನಿಗೆ ನಿದ್ದೆಯೂ ಮೊದಲಿಗಿಂತ ಚೆನ್ನಾಗಿ ಬರತೊಡಗೀತು. ಗೋದಲಿಯಲ್ಲಿ ಕಟ್ಟಿದ ಎತ್ತು ತನ್ನ ಹಗ್ಗವನ್ನು ತಾನು ಬಿಚ್ಚಿಕೊಳ್ಳಲಾರದು. ಮನುಷ್ಯನಿಗೆ ಆ ಕೈಗಳಿರುತ್ತವೆ.